ಕೇಶಸ್ತಂಭನ ಮೀಮಾಂಸೆ: ಘೋಣಸಗಿ ಪಾಠ

ತಲೆಗೂದಲನ್ನು ನೆಟ್ಟಗೆ ನಿಲ್ಲಿಸುವ ವಿದ್ಯೆಗೆ ಕೇಶಸ್ತಂಭನವೆಂದು ಹೆಸರು. ನ್ಯಾಯ, ವ್ಯಾಕರಣ, ಅಲಂಕಾರಗಳಿಗೆಲ್ಲ ಸೂತ್ರ ಬರೆದ ನಮ್ಮ ಪಂಡಿತರು ಇದನ್ನೊಂದು ಬಿಟ್ಟುಬಿಟ್ಟರು. ಬಹುಶಃ ಅವರ ತಲೆಗೆ ಅದರ ಅಗತ್ಯ ಬಿದ್ದಿರಲಿಕ್ಕಿಲ್ಲ. ಆ ಕೊರತೆ ತುಂಬಲು ಈ ಪ್ರಬಂಧ. ಅಧ್ಯಯನಕ್ಷೇತ್ರ ವಿಜಯಪುರ ಜಿಲ್ಲೆ ತಿಕೋಟಾ ತಾಲೂಕಿನ ಘೋಣಸಗಿ.

ಕ್ಷೇತ್ರದ ಆಯ್ಕೆಗೆ ಕಾರಣವಿದೆ. ಈ ಸೀಮೆಯ ದ್ರಾಕ್ಷಿ ಬೆಳೆಗಾರ ಲೇಬಲ್ ಓದುವುದರಲ್ಲಿ ಪಳಗಿದವನು. ಔಷಧಿ ಅಂಗಡಿಯಲ್ಲಿ ಇಮಿಡಾಕ್ಲೋಪ್ರಿಡ್ ಬಾಟಲಿ ಹಿಡಿದರೆ 17.8 ಎಸ್.ಎಲ್. ಎಂಬ ದಶಾಂಶದವರೆಗೆ ಕಣ್ಣಾಡಿಸಿ, ಮುಗಿಯುವ ತಿಂಗಳು ನೋಡಿ, ಹತ್ತು ರೂಪಾಯಿ ಇಳಿಸಿಯೇ ಚೀಲಕ್ಕೆ ಹಾಕುತ್ತಾನೆ. ಅದೇ ಮನೆಯ ಮಗ ಜೆಲ್ ಟ್ಯೂಬು ಕೊಳ್ಳುವುದು ಮೇಲಿನ ಫೋಟೋ ನೋಡಿ. ಒಂದೇ ಸೂರಿನಡಿ ಎರಡು ಪ್ರಮಾಣ: ಅಪ್ಪನಿಗೆ ಶಬ್ದ, ಮಗನಿಗೆ ಪ್ರತ್ಯಕ್ಷ. ಇಬ್ಬರೂ ಕೂಡಿದಾಗ ನಡೆಯುವ ವಾದ ಸ್ಥೂಲವಾಗಿ ಹೀಗಿರುತ್ತದೆ:

“ಏನ್ ಐತ್ಲೇ ಇದರಾಗ?”

“ಅಲ್ಟ್ರಾ ಹೋಲ್ಡ್ ಐತಪ್ಪಾ.”

“ಅದು ಕಂಪನಿಯಾವ್ರು ಇಟ್ಟ ಹೆಸರು. ಕಂಟೆಂಟ್ ಏನ್ ಐತಿ ಹೇಳ.”

ಮಗ ಟ್ಯೂಬು ತಿರುಗಿಸುತ್ತಾನೆ. ಥಾಮ್ಸನ್ ದ್ರಾಕ್ಷಿಯೊಳಗಿನ ಬೀಜದಷ್ಟು ದೊಡ್ಡ ಅಕ್ಷರದಲ್ಲಿ, ಅಂದರೆ ಹೆಚ್ಚುಕಡಿಮೆ ಇಲ್ಲವೇ ಇಲ್ಲ ಅನ್ನುವ ಗಾತ್ರದಲ್ಲಿ, ಶಾಸ್ತ್ರ ಅಲ್ಲಿಂದ ಆರಂಭವಾಗುತ್ತದೆ.

ಅದರ ಮೊದಲ ಸೂತ್ರ: ಹೆಚ್ಚಿರುವುದು ಮುಂದೆ, ಕಡಿಮೆಯಿರುವುದು ಹಿಂದೆ. ನೂರಕ್ಕೆ 1ಕ್ಕಿಂತ ಹೆಚ್ಚಿರುವ ಪದಾರ್ಥಗಳನ್ನು ತೂಕದ ಇಳಿಕೆಯ ಕ್ರಮದಲ್ಲೇ ಬರೆಯಬೇಕು. ಅದಕ್ಕಿಂತ ಕೆಳಗಿನವನ್ನು ಆಮೇಲೆ ಹೇಗೆ ಬೇಕಾದರೂ ಬರೆಯಬಹುದು. ಈ ನ್ಯಾಯದಿಂದ ನೋಡಿದರೆ ಜೆಲ್ಲಿನ ಪಟ್ಟದರಸಿ ನೀರು. ಸಾಮಾನ್ಯ ಜೆಲ್ಲಿನಲ್ಲಿ ನೂರಕ್ಕೆ ಎಂಬತ್ತಕ್ಕಿಂತ ಹೆಚ್ಚು ಪಾಲು ಅದೇ. ನೂರು ಗ್ರಾಮಿಗೆ ನೂರು ರೂಪಾಯಿ ಎಂದು ಹಿಡಿದರೆ ಕೆಜಿಗೆ ಸಾವಿರವಾಯಿತು. ಟ್ಯಾಂಕರಿನ ದರ ಬಾಯಿಪಾಠವಿರುವ ಜಿಲ್ಲೆಯಲ್ಲಿ ಇದನ್ನು ಯಾರೂ ಲೆಕ್ಕ ಹಾಕಿಲ್ಲ. ಕೃಷ್ಣೆಯ ನೀರನ್ನು ಇತ್ತ ಎತ್ತಿ ತರಲು ತುಬಚಿ–ಬಬಲೇಶ್ವರ ಏತ ನೀರಾವರಿ ಯೋಜನೆ ಬೇಕಾಯಿತು. ನೆತ್ತಿಯ ಏತಕ್ಕೆ ಎರಡು ಬೆರಳು ಸಾಕು.

ಹಾಗೆಂದು ನೀರನ್ನು ಹಗುರಾಗಿ ಕಾಣುವಂತಿಲ್ಲ. ಕೂದಲಿನ ಕೆರಾಟಿನ್ ಎಳೆಗಳನ್ನು ಹಿಡಿದಿರುವ ಹೈಡ್ರೋಜನ್ ಬಂಧಗಳು ಒದ್ದೆಯಾದರೆ ಬಿಚ್ಚುತ್ತವೆ, ಆರಿದ ಮೇಲೆ ಇದ್ದ ಭಂಗಿಯಲ್ಲೇ ಮತ್ತೆ ಕೂಡುತ್ತವೆ. ಸಾಲಿಗೆ ಹೊರಟ ಹುಡುಗನ ತಲೆಗೆ ಅವ್ವ ಬೊಗಸೆ ನೀರು ಸವರಿ, ಗದ್ದ ಹಿಡಿದು ಬೈತಲೆ ತೆಗೆಯುವಳಲ್ಲ, ಆ ಪದ್ಧತಿ ರಸಾಯನಶಾಸ್ತ್ರಕ್ಕೆ ಪೂರ್ತಿ ಸಮ್ಮತ. ಅದರ ದೋಷ ಒಂದೇ. ಪ್ರಾರ್ಥನೆ ಮುಗಿಯುವುದರೊಳಗೆ ಕೂದಲು ತನ್ನ ಸ್ವಭಾವಕ್ಕೆ ಮರಳುತ್ತದೆ.

ಹಾಗೆ ಮರಳದಂತೆ ತಡೆಯುವುದು ಪಟ್ಟಿಯ ಮುಂದಿನ ಸಾಲುಗಳಲ್ಲಿ ಬರುವ ಪಾಲಿವಿನೈಲ್‌ಪೈರೋಲಿಡೋನ್. ಸಂಧಿ ಬಿಡಿಸಲು ಅಂಜುವವರು ಪಿ.ವಿ.ಪಿ. ಅನ್ನಬಹುದು. ಜರ್ಮನಿಯ ವಾಲ್ಟರ್ ರೆಪ್ಪೆ 1939ರಲ್ಲಿ ಪೇಟೆಂಟ್ ಮಾಡಿದ ಈ ಅಂಟು ಎರಡನೇ ಮಹಾಯುದ್ಧದಲ್ಲಿ ರಕ್ತದ ಪ್ಲಾಸ್ಮಾಕ್ಕೆ ಬದಲಿಯಾಗಿ ಗಾಯಾಳುಗಳ ನರದಲ್ಲಿ ಹರಿದಿತ್ತು. ಈಗ ಸಂಕ್ರಮಣದ ಸಿದ್ಧೇಶ್ವರ ಜಾತ್ರೆಗೆ ಹೊರಟ ಹುಡುಗರ ಹಣೆಯ ಮೇಲೆ ನಿಂತಿದೆ. ಕೆಲಸ ಮಾಡುವ ರೀತಿ ಅರಿಯಬೇಕೆಂದರೆ ಗೋಳಗುಮ್ಮಟಕ್ಕೆ ಹೋಗಬೇಕು. 1656ರ ಆ ಗುಮ್ಮಟಕ್ಕೆ ನಡುಗಂಬವಿಲ್ಲ, ಒಂದನ್ನೊಂದು ಕತ್ತರಿಸುವ ಕಮಾನುಗಳೇ ಅದನ್ನು ಹೊತ್ತಿವೆ. ಪಿ.ವಿ.ಪಿ. ಕೂಡ ಕೂದಲಿಗೆ ಕೂದಲು ಅಡ್ಡಹಾಯುವ ಕಡೆ ತೆಳುಪದರವಾಗಿ ಒಣಗಿ ಬೆಸುಗೆ ಹಾಕುತ್ತದೆ. ಆದಿಲ್‌ಶಾಹಿ ಶಿಲ್ಪಿಗಳು ಗಚ್ಚಿನಲ್ಲಿ ಸಾಧಿಸಿದ್ದನ್ನು ಕಟಿಂಗ್ ಅಂಗಡಿಯವರು ಅಂಗೈಯಲ್ಲಿ ಸಾಧಿಸುತ್ತಾರೆ. ಬಾಳಿಕೆಯ ವಿಷಯದಲ್ಲಿ ಮಾತ್ರ ಹೋಲಿಕೆ ನಿಲ್ಲುವುದಿಲ್ಲ.

ಇಲ್ಲೊಂದು ಪ್ರಾದೇಶಿಕ ಭೇದವಿದೆ. ಪಿ.ವಿ.ಪಿ. ಗಾಳಿಯ ತೇವ ಹೀರುವ ಜಾತಿ. ಅದೇ ಟ್ಯೂಬು ಮಂಗಳೂರಿನಲ್ಲಿ ಜಿಗಿಜಿಗಿಯಾಗಿ ತಲೆಗೆ ಮೆತ್ತಿಕೊಳ್ಳುತ್ತದೆ. ನಮ್ಮ ಏಪ್ರಿಲ್ಲಿನ ಒಣಹವೆಯಲ್ಲಿ ಕೆಂಡದ ಬಿಸಿಲಿಗೆ ಗರಿಗರಿಯಾಗಿ, ಬೈಕ್ ಮೇಲೆ ತಿಕೋಟಾ ಮುಟ್ಟುವುದರೊಳಗೆ ಬಿಳಿಪುಡಿಯಾಗಿ ಹೆಗಲಿಗೆ ಉದುರುತ್ತದೆ. ನೋಡಿದವರು ಹೊಟ್ಟು ಅನ್ನುತ್ತಾರೆ. ಅದು ಹೊಟ್ಟಲ್ಲ, ಗುಮ್ಮಟದ ಗಚ್ಚು. ಇದಕ್ಕೆ ಪರಿಹಾರವಾಗಿ ಗ್ಲಿಸರಿನ್ ಬೆರೆಸುವುದುಂಟು. ಹೊರಗೆ ತೇವ ಸಿಗದಿದ್ದರೆ ಅದು ಕೂದಲಿನ ತೇವಕ್ಕೇ ಬಾಯಿ ಹಾಕುತ್ತದೆ. ಬರಗಾಲದಲ್ಲಿ ಬಂದ ನೆಂಟ.

ಮೇಣಪಂಥದವರ ವಾದ ಬೇರೆ. 1928ರಲ್ಲಿ ಬರ್ಮಿಂಗ್‌ಹ್ಯಾಮಿನಲ್ಲಿ ಹುಟ್ಟಿದ ಬ್ರಿಲ್‌ಕ್ರೀಮ್ ಇವರ ಮೂಲಗ್ರಂಥ. ಖನಿಜತೈಲ, ನೀರು, ಜೇನುಮೇಣ ಕಲಸಿದ ಬಿಳಿಯ ಮುದ್ದೆ. ಅಂಟುವುದಿಲ್ಲ, ಉದುರುವುದಿಲ್ಲ, ದಿಂಬಿಗೆ ಹತ್ತುತ್ತದೆ. ಘೋಣಸಗಿ ಭಾಗದಲ್ಲಿ ಈ ಪಂಥಕ್ಕೆ ಒಂದು ತಾತ್ವಿಕ ಸಂಕಟವಿದೆ. ಒಣದ್ರಾಕ್ಷಿ ಮಾಡುವವರು ಹಣ್ಣನ್ನು ಪೊಟ್ಯಾಸಿಯಂ ಕಾರ್ಬೊನೇಟ್ ಮತ್ತು ಡಿಪ್ಪಿಂಗ್ ಆಯಿಲ್, ಅಂದರೆ ಈಥೈಲ್ ಓಲಿಯೇಟ್, ಕಲಸಿದ ನೀರಿನಲ್ಲಿ ಅದ್ದಿ ತೆಗೆಯುತ್ತಾರೆ. ಹಣ್ಣಿನ ಮೇಲಿನ ಮೇಣ ಸಡಿಲಾಗಿ ಒಳಗಿನ ನೀರು ಬೇಗ ಹೊರಬೀಳಲಿ ಎಂದು. ಶೆಡ್ಡಿನಲ್ಲಿ ಮೇಣ ಬಿಡಿಸಲು ಅಪ್ಪ ದುಡ್ಡು ಕೊಡುತ್ತಾನೆ, ಪಡಸಾಲೆಯಲ್ಲಿ ಮೇಣ ಮೆತ್ತಲು ಮಗ ದುಡ್ಡು ಕೊಡುತ್ತಾನೆ. ಎಲೆಗೆ ಔಷಧಿ ಹರಡಲೆಂದು ಪಂಪಿಗೆ ಹಾಕುವ ಸಿಲಿಕಾನ್ ಸ್ಪ್ರೆಡರಿಗೂ ಕೂದಲು ಹೊಳೆಯಲೆಂದು ಹಚ್ಚುವ ಸೀರಮ್ಮಿನ ಡೈಮೆಥಿಕೋನಿಗೂ ಗೋತ್ರ ಒಂದೇ. ಹೀಗಾಗಿ ಈ ಶಾಸ್ತ್ರದ ಅರ್ಧ ಪಾಠ ಇವರಿಗೆ ತೋಟದಲ್ಲೇ ಆಗಿದೆ, ತೋಟದಿಂದ ಕನ್ನಡಿಯವರೆಗೆ ಯಾರೂ ತಂದಿಲ್ಲ ಅಷ್ಟೇ.

ಪ್ರಾಸಂಗಿಕವಾಗಿ ಒಂದು ಮಾತು. ಪಟ್ಟಿಯಲ್ಲಿ ಸೀಟೈಲ್ ಆಲ್ಕೋಹಾಲ್ ಕಂಡು ಹಿರಿಯರು ಗಾಬರಿಯಾಗಬೇಕಿಲ್ಲ. ಅದು ಮೇಣದಂಥ ಮೃದು ಪದಾರ್ಥ, ಕುಡಿತಕ್ಕೂ ಅದಕ್ಕೂ ಸಂಬಂಧವಿಲ್ಲ. ಜೆಲ್ಲಿನ ಮೇಲೆ ‘ಆಲ್ಕೋಹಾಲ್ ಇಲ್ಲ’ ಎಂದು ಹೆಮ್ಮೆಯಿಂದ ಬರೆಯುವುದು ಬೇಗ ಆರಿ ಕೂದಲು ಒಣಗಿಸುವ ಎಥನಾಲಿನ ಬಗ್ಗೆ.

ಇನ್ನು ಗೂಢಸೂತ್ರ. ಪಟ್ಟಿಯಲ್ಲಿ ಫಿನಾಕ್ಸಿಎಥನಾಲ್ ಎಲ್ಲಿದೆಯೆಂದು ಹುಡುಕಿ. ಕೆಡದಂತೆ ಕಾಯುವ ಈ ಪದಾರ್ಥವನ್ನು ಸಾಮಾನ್ಯವಾಗಿ ನೂರಕ್ಕೆ 1ರ ಮಿತಿಯೊಳಗೇ ಹಾಕುತ್ತಾರೆ. ಆದ್ದರಿಂದ ಅದರ ಹಿಂದೆ ನಿಂತವರು ಬಹುತೇಕ ಚಿಟಿಕೆಯ ಗಿರಾಕಿಗಳು. ಟ್ಯೂಬಿನ ಮೇಲೆ ಅಂಗೈಯಗಲ ಲೋಳಸರದ ಚಿತ್ರ, ಪಟ್ಟಿಯಲ್ಲಿ ಅದು ಫಿನಾಕ್ಸಿಎಥನಾಲಿನ ಹಿಂದೆ ಇಣುಕುತ್ತಿದ್ದರೆ, ಚಿತ್ರಕ್ಕೆ ಬಳಸಿದ ಹಸಿರು ಬಣ್ಣವೇ ಒಳಗಿನ ರಸಕ್ಕಿಂತ ಹೆಚ್ಚಿರಬಹುದು. ನಮ್ಮಲ್ಲಿ ಬದುವಿನ ಮೇಲೆ ಬೆಳೆಯುವ ಲೋಳಸರಕ್ಕೆ ಇಂಥ ಪ್ರಚಾರ ಸಿಕ್ಕಿಲ್ಲ.

ಎಣ್ಣೆಯ ವಿಷಯ ಸುಪ್ರೀಂ ಕೋರ್ಟ್‌ವರೆಗೆ ಹೋದದ್ದು. ಸಣ್ಣ ಬಾಟಲಿಯ ಕೊಬ್ಬರಿ ಎಣ್ಣೆ ಬಾಣಲೆಗೋ ತಲೆಗೋ, ತೆರಿಗೆ ಯಾವ ಲೆಕ್ಕದಲ್ಲಿ? 2018ರಲ್ಲಿ ಇಬ್ಬರು ನ್ಯಾಯಮೂರ್ತಿಗಳು ಎರಡು ತೀರ್ಪು ಕೊಟ್ಟರು. 2024ರ ಡಿಸೆಂಬರ್ 18ರಂದು ಮೂವರ ಪೀಠ, ಕೂದಲೆಣ್ಣೆಯೆಂದು ಹೇಳಿ ಮಾರದಿದ್ದರೆ ಅದು ಖಾದ್ಯತೈಲವೇ ಎಂದಿತು. ಕುಸುಬಿ ಎಣ್ಣೆಗೆ ಈ ಗೊಂದಲ ಬರಲಿಲ್ಲ. ಗಾಳಿಗೆ ತೆಳ್ಳಗೆ ಬಿಟ್ಟರೆ ತಾನೇ ಅಂಟಾಗಿ ಗಟ್ಟಿಯಾಗುವ ಎಣ್ಣೆ ಅದು. ಬಣ್ಣ ತಯಾರಿಕೆಗೂ ಬಳಸುತ್ತಾರೆ. ತಲೆಗೆ ಹಚ್ಚಿದರೆ ಹೋಲ್ಡ್ ಸಿಗುತ್ತದೆ, ಹಣಿಗೆಗೆ ಕೂದಲು ಸಿಗುವುದಿಲ್ಲ.

ಕೊನೆಗೆ ದೇಶೀ ಸಿದ್ಧಾಂತ. ಅಗಸಿಯನ್ನು ಎಂಟು ಪಟ್ಟು ನೀರಿನಲ್ಲಿ ಸಣ್ಣ ಉರಿಯಲ್ಲಿ ಕುದಿಸಿದರೆ ಸಿಪ್ಪೆಯ ಲೋಳೆ ಬಿಟ್ಟು ನೀರು ಎಳೆಎಳೆಯಾಗುತ್ತದೆ. ಬಿಸಿ ಇರುವಾಗಲೇ ಅರಿವೆಯಲ್ಲಿ ಸೋಸಬೇಕು, ಆರಿದರೆ ಇಳಿಯುವುದೇ ಇಲ್ಲ. ಬಂದದ್ದು ಒಳ್ಳೆಯ ಜೆಲ್. ಪುಡಿ ಕಡಿಮೆ, ಹಿಡಿತ ಮಧ್ಯಮ. ಆದರೆ ಫ್ರಿಜ್ಜಿನ ಹೊರಗಿಟ್ಟರೆ ಬೇಗ ನಾರುತ್ತದೆ. ಆಗಲೇ ಫಿನಾಕ್ಸಿಎಥನಾಲಿನ ಮೇಲೆ ಗೌರವ ಹುಟ್ಟುವುದು. ಈ ಸಿದ್ಧಾಂತಕ್ಕೆ ಇದುವರೆಗೆ ಬಂದ ಬಲವಾದ ಆಕ್ಷೇಪ ಮಾತ್ರ ಅಡುಗೆಮನೆಯಿಂದ:

“ಚಟ್ನಿಗಂತ ಇಟ್ಟಿದ್ದ ಅಗಸಿ ಎಲ್ಲಿ ಹೋತೋ, ಮೂಳಾ?”