‘ಓಡುವಾಗ ಯಮ, ನಿಂತಾಗ ಗೋಡೆ’: ಹತ್ತು ಚಕ್ರದ ಲಾರಿಯೊಂದಿಗೆ ಮಾತುಕತೆ

ಪುಣೆ–ಬೆಂಗಳೂರು ಹೆದ್ದಾರಿಯಲ್ಲಿ, ಚಿತ್ರದುರ್ಗ ದಾಟಿ ಬೆಂಗಳೂರಿನ ಕಡೆಗೆ ಸಾಗುವಾಗ ಸಿಗುವ ಡಾಬಾ ಒಂದರ ಅಂಗಳ ತುಂಬಿಹೋಗಿತ್ತು. ಒಳಗೆ ಜಾಗ ಸಿಗದ ಲಾರಿಯೊಂದು ಬಿಳಿ ಗೆರೆಯ ಮೇಲೆ ಅರ್ಧ, ಮಣ್ಣಿನ ಮೇಲೆ ಅರ್ಧ ನಿಂತಿತ್ತು. ಗದಗದ ಈರುಳ್ಳಿ ತುಂಬಿಕೊಂಡು ಯಶವಂತಪುರದ ಯಾರ್ಡಿಗೆ ಹೊರಟ ಗಾಡಿ. ಡ್ರೈವರ್ ಕಿಟಕಿಯಾಚೆ ಕಾಲು ಚಾಚಿ ಗೊರಕೆ ಹೊಡೆಯುತ್ತಿದ್ದ. ಬಂಪರಿಗೆ ನಿಂಬೆಹಣ್ಣು, ಮೆಣಸಿನಕಾಯಿ, ಒಂದು ಹಳೇ ಚಪ್ಪಲಿ. ಹಿಂದೆ ಬೇವಿನ ಕೊಂಬೆ ಮತ್ತು ನಾಲ್ಕು ದಪ್ಪ ಕಲ್ಲು. ಲಾರಿಯನ್ನು ಮಾತಾಡಿಸಲು ಇದೇ ತಕ್ಕ ಹೊತ್ತು. ಡ್ರೈವರ್ ಎದ್ದಿದ್ದರೆ ಹಾರ್ನು ಬಿಟ್ಟು ಬೇರೆ ಮಾತು ಬರುವುದಿಲ್ಲ.

ಪ್ರಶ್ನೆ: ನಮಸ್ಕಾರ. ತಮ್ಮನ್ನು ಏನೆಂದು ಕರೆಯಲಿ?

ಲಾರಿ: ಡ್ರೈವರ್ ‘ಗಾಡಿ’ ಅಂತಾನೆ. ಓನರ್ ಪಾಲಿಗೆ ನಾನು ತಿಂಗಳ ಕಂತು, ಆರ್‌ಟಿಒದವರ ಪಾಲಿಗೆ ಕೇಸು. ಹಿಂದೆ ಸಿಕ್ಕಿಹಾಕಿಕೊಂಡ ಕಾರಿನೋರು ಕರೆಯೋ ಹೆಸರನ್ನ ನಿಮ್ಮ ಪತ್ರಿಕೆ ಅಚ್ಚು ಹಾಕಲ್ಲ. ನೀವು ಹಾಕೋದು ‘ಯಮಸ್ವರೂಪಿ’. ಯಾವುದಾದರೂ ನಡೆಯುತ್ತೆ ಸ್ವಾಮಿ.

ಪ್ರಶ್ನೆ: ಯಮಸ್ವರೂಪಿ ಎಂದಿದ್ದಕ್ಕೆ ಬೇಸರವೇ?

ಲಾರಿ: ಬೇಸರ ನನಗಲ್ಲ, ಯಮನಿಗೆ ಆಗಬೇಕು. ಅವನು ಚಿತ್ರಗುಪ್ತನ ಹತ್ರ ಹೆಸರು, ಊರು, ಗಳಿಗೆ ಎಲ್ಲಾ ಕೇಳ್ಕೊಂಡು ಬರೋನು. ನನಗೆ ಎಡಗಡೆ ಯಾರಿದ್ದಾರೆ ಅಂತಲೇ ಗೊತ್ತಾಗಲ್ಲ. ಇಷ್ಟು ಕುರುಡನನ್ನ ಯಮಲೋಕದಲ್ಲಿ ಕೂಲಿಗೂ ಇಟ್ಕೊಳ್ಳಲ್ಲ. ಇನ್ನೊಂದು ಮಾತು, ‘ಚಾಲಕನ ನಿಯಂತ್ರಣ ತಪ್ಪಿ’ ಅಂತ ಬರೀತೀರಲ್ಲ, ಅದಕ್ಕೂ ಮುಂಚೆ ನಿಯಂತ್ರಣ ಇತ್ತು ಅಂತ ನಿಮಗೆ ಯಾರು ಹೇಳಿದ್ದು?

ಪ್ರಶ್ನೆ: ಅಷ್ಟೆತ್ತರದಲ್ಲಿ ಕೂತ ಡ್ರೈವರ್‌ಗೆ ಊರೆಲ್ಲ ಕಾಣಬೇಕಲ್ಲ?

ಲಾರಿ: ಊರು ಕಾಣುತ್ತೆ, ಊರಿನ ಜನ ಕಾಣಲ್ಲ. ಎತ್ತರದಲ್ಲಿ ಕೂತವರಿಗೆಲ್ಲ ಇದೇ ಕಾಯಿಲೆ, ಬೇಕಾದರೆ ವಿಧಾನಸೌಧದಲ್ಲಿ ವಿಚಾರಿಸಿ. ನನ್ನ ಮೂಗಿನ ಕೆಳಗಿನ ನಾಲ್ಕಾರು ಅಡಿ ನೆಲ ಡ್ರೈವರ್ ಲೆಕ್ಕಕ್ಕೇ ಇಲ್ಲ. ಸಿಗ್ನಲ್‌ನಲ್ಲಿ ಸ್ಕೂಟರಿನೋರು ಸಂದಿಯಲ್ಲಿ ತೂರಿ ಬಂದು, ಸರಿಯಾಗಿ ಆ ನೆಲದ ಮೇಲೆ ನಿಂತು, ಮೊಬೈಲು ತೆಗೀತಾರೆ. ಬಾಡಿಯ ಬೆನ್ನ ಹಿಂದಂತೂ ಹಗಲಲ್ಲೇ ಅಮಾವಾಸ್ಯೆ. ಎಲ್ಲಕ್ಕಿಂತ ಕೆಟ್ಟದ್ದು ಎಡಪಕ್ಕ. ಡ್ರೈವರ್ ಕೂರೋದು ಬಲಕ್ಕೆ. ಎಡಬಾಗಿಲ ಕೆಳಗೆ, ಮುಂದಿನ ಚಕ್ರಕ್ಕೆ ಅಂಟಿಕೊಂಡು ಬರೋ ಬೈಕು ಕಿಟಕಿಯಲ್ಲೂ ಕಾಣಲ್ಲ, ಕನ್ನಡಿಯಲ್ಲೂ ಕಾಣಲ್ಲ. ಮೊದಲು ಆ ಕಡೆ ಕ್ಲೀನರ್ ಹುಡುಗ ಇರ್ತಿದ್ದ. ತಲೆ ಹೊರಗೆ ಹಾಕಿ, ಬಾಗಿಲು ದಬದಬ ಬಡಿದು, ‘ಬರ್ಲಿ ಬರ್ಲಿ, ನಿಲ್ಲು ನಿಲ್ಲು, ಬೈಕೈತೆ’ ಅಂತ ಕೂಗೋನು. ಓನರ್ ಬಾಡಿಗೆ ಲೆಕ್ಕ ನೋಡಿ ಕ್ಲೀನರನ್ನ ಮನೆಗೆ ಕಳಿಸಿದ. ಆ ಸೀಟಲ್ಲಿ ಈಗ ನೀರಿನ ಕ್ಯಾನು, ಸ್ಟೌವು ಕೂತಿವೆ. ಅವು ಕೂಗಲ್ಲ.

ಪ್ರಶ್ನೆ: ಪಕ್ಕದಲ್ಲಿ ಬರುವವರಿಗೆ ತಾವು ಡ್ರೈವರ್‌ಗೆ ಕಾಣುತ್ತಿದ್ದೇವೋ ಇಲ್ಲವೋ ಗೊತ್ತಾಗುವುದು ಹೇಗೆ?

ಲಾರಿ: ನನ್ನ ಕನ್ನಡಿ ನೋಡಿ. ಅದರಲ್ಲಿ ಡ್ರೈವರ್‌ನ ಮೀಸೆ ನಿಮಗೆ ಕಂಡರೆ ಅವನಿಗೂ ನೀವು ಕಾಣ್ತೀರಿ. ಮೀಸೆ ಕಾಣಲಿಲ್ಲ ಅಂದ್ರೆ ನಿಮ್ಮ ಆಧಾರ್ ಕಾರ್ಡು ಏನೇ ಹೇಳಲಿ, ನಮ್ಮ ಪಾಲಿಗೆ ನೀವು ಇಲ್ಲ. ಒಂದೋ ಹಿಂದೆ ಸರೀರಿ, ಇಲ್ಲಾ ಬೇಗ ಮುಂದೆ ಹೋಗಿ. ಪಕ್ಕದಲ್ಲೇ ನೆರಳು ಹಿಡಿದು ಬರೋದು ಬೇಡ. ನಮ್ಮ ಟ್ರೇಲರ್ ಅಣ್ಣಂದಿರ ವಿಷಯ ಇನ್ನೂ ಫಜೀತಿ. ಅವರು ಎಡಕ್ಕೆ ತಿರುಗಬೇಕಾದ್ರೆ ಮೊದಲು ಬಲಕ್ಕೆ ಎಳೀತಾರೆ, ಯಾಕಂದ್ರೆ ಹಿಂದಿನ ಚಕ್ರ ಮುಂದಿನ ಚಕ್ರದ ಜಾಡಲ್ಲಿ ಬರಲ್ಲ, ಒಳಗಡೆಯಿಂದ ಕತ್ತರಿಸ್ಕೊಂಡು ಬರುತ್ತೆ. ಆಗ ಎಡಕ್ಕೆ ದೊಡ್ಡ ಸಂದಿ ಬಿಡುತ್ತೆ. ನಮ್ಮ ಜನಕ್ಕೆ ಸಂದಿ ಕಂಡರೆ ಬಿಡೋಕೆ ಮನಸ್ಸು ಬರುತ್ತಾ? ಅದು ದಾರಿಯಲ್ಲ, ಮುಚ್ಚಿಕೊಳ್ಳೋ ಬಾಗಿಲು ಅಂತ ತಿಳಿಯೋ ಹೊತ್ತಿಗೆ ಬಾಗಿಲು ಮುಚ್ಚಿರುತ್ತೆ.

ಪ್ರಶ್ನೆ: ನಿಮ್ಮ ಕಡೆಯ ತಪ್ಪಿಗೆ ಬರೋಣ. ನಿಮ್ಮ ಇಂಡಿಕೇಟರ್ ಭಾಷೆ ಯಾವ ಶಾಲೆಯದು?

ಲಾರಿ: (ಎಡ, ಬಲ ಎರಡನ್ನೂ ಒಟ್ಟಿಗೆ ಮಿಣುಕಿಸಿ ನಕ್ಕಂತಾಯಿತು.) ಬಲಗಡೆ ದೀಪ ಹಾಕಿದರೆ ‘ನಾನು ಬಲಕ್ಕೆ ತಿರುಗ್ತೀನಿ’ ಅಂತ ಅರ್ಥ. ಅದೇ ದೀಪಕ್ಕೆ ‘ಮುಂದೆ ರಸ್ತೆ ಖಾಲಿ, ನೀನು ಬಲಗಡೆಯಿಂದ ಹೋಗಪ್ಪಾ’ ಅಂತಲೂ ಅರ್ಥ. ಎದುರಿಂದ ಗಾಡಿ ಬರ್ತಿದೆ, ಹೋಗಬೇಡ ಅನ್ನೋಕೂ ಕೆಲವರು ಅದನ್ನೇ ಹಾಕ್ತಾರೆ. ಯಾವುದು ಅಂತ ಹೆಂಗೆ ತಿಳಿಯೋದು ಅಂದ್ರಾ? ಹೋಗಿ ನೋಡಿದ ಮೇಲೆ ತಿಳಿಯುತ್ತೆ. ಹೆಡ್‌ಲೈಟ್ ಡಿಪ್ಪು-ಡಿಮ್ಮು ಮಾಡಿದರೆ ‘ನಾನು ಬಂದೆ, ನೀನು ನಿಲ್ಲು’ ಅಂತ. ಎದುರಿನವನೂ ಅದನ್ನೇ ಮಾಡಿ ಅದೇ ಅರ್ಥ ಹೇಳ್ತಿರ್ತಾನೆ. ‘ಹಾರ್ನ್ ಓಕೆ ಪ್ಲೀಸ್’ ಅಂತ ಬೆನ್ನ ಮೇಲೆ ಬರೆಸ್ಕೊಂಡಿದ್ವಿ. ಮಹಾರಾಷ್ಟ್ರದಲ್ಲಿ 2015ರಲ್ಲೇ ಅದನ್ನ ನಿಷೇಧ ಮಾಡಿದರು, ಸುಮ್ಮಸುಮ್ಮನೆ ಹಾರ್ನ್ ಹೊಡೆಯೋಕೆ ನಾವೇ ಕರೆದಂಗಾಗುತ್ತೆ ಅಂತ. ಬರಹ ಅಳಿಸಬಹುದು. ಹಾರ್ನ್ ಹೊಡೆಯೋನು ಓದ್ಕೊಂಡು ಹೊಡೀತಿದ್ನಾ?

ಪ್ರಶ್ನೆ: ಬಲಗಡೆಯ ಲೇನನ್ನು ತವರುಮನೆ ಮಾಡಿಕೊಂಡಿದ್ದೀರಿ ಎಂಬ ದೂರೂ ಇದೆ.

ಲಾರಿ: ಇದೆ. ಎಂಬತ್ತರ ಮೇಲೆ ಹೋಗದ ಹಾಗೆ ಸ್ಪೀಡ್ ಗವರ್ನರ್ ಹಾಕಿದ್ದಾರೆ. ಎಪ್ಪತ್ತೆಂಟರಲ್ಲಿ ಹೋಗೋ ಲಾರಿಯನ್ನ ಎಂಬತ್ತರಲ್ಲಿ ಹೋಗೋ ಲಾರಿ ಓವರ್‌ಟೇಕ್ ಮಾಡೋಕೆ ಹೊರಟರೆ ಹಿಂದಿನ ಕಾರಿನಲ್ಲಿರೋ ಮಗು ಒಂದನೇ ಕ್ಲಾಸ್ ಪಾಸಾಗುತ್ತೆ. ಒಪ್ಕೋತೀನಿ, ಅದು ನಮ್ಮದೇ ತಪ್ಪು. ಆದರೆ ಎಡಗಡೆ ಲೇನಿನಲ್ಲಿ ಒಂದು ದಿನ ಹೋಗಿ ನೋಡಿ. ಒನ್‌ವೇನಲ್ಲಿ ಉಲ್ಟಾ ಬರೋ ಬೈಕು, ಅದರ ಮೇಲೆ ಹುಲ್ಲಿನ ಹೊರೆ. ಎರಡೆರಡು ಟ್ರೇಲರ್ ಕಟ್ಟಿಕೊಂಡು, ಹಿಂದೆ ಒಂದು ದೀಪವಿಲ್ಲದೆ ಹೋಗೋ ಕಬ್ಬಿನ ಟ್ರ್ಯಾಕ್ಟರು. ಕುರಿಮಂದೆ. ಸರ್ವಿಸ್ ರಸ್ತೆಯಲ್ಲಿ ಹುರುಳಿ ಒಕ್ಕಣೆ ನಡೀತಿರೋದ್ರಿಂದ ಅಲ್ಲಿಯ ಆಟೋಗಳೂ ಮೇಲೆ ಬಂದಿರ್ತವೆ. ನಮ್ಮ ಚಕ್ರ ಹರಿದರೆ ಕಾಳು ಬೇಗ ಉದುರುತ್ತಂತೆ. ರಾಷ್ಟ್ರೀಯ ಹೆದ್ದಾರಿ ಅಂದ್ರೆ ಬಾಡಿಗೆಯಿಲ್ಲದ ಕಣ.

ಪ್ರಶ್ನೆ: ನಿಮ್ಮ ಮುಂದೆ ಜಾಗ ಕಂಡರೆ ಕಾರುಗಳು ನುಗ್ಗುತ್ತವಲ್ಲ?

ಲಾರಿ: ಅದು ಖಾಲಿ ಜಾಗ ಅಲ್ಲ ಸ್ವಾಮಿ, ನನ್ನ ಬ್ರೇಕು! ನನ್ನ ಮುಂದೆ ಬಿಟ್ಟುಕೊಂಡಿರೋ ಆ ರಸ್ತೆಯೇ ನನ್ನ ಬ್ರೇಕಿನ ಅರ್ಧ ಭಾಗ. ಕಾರಿನೋರು ಅದರೊಳಗೆ ಬಂದು ಕೂತು, ಎದುರಿಗೆ ಎಳನೀರು ಗಾಡಿ ಕಂಡ ಕೂಡಲೇ ಟಕ್ ಅಂತ ಬ್ರೇಕ್ ಹಾಕ್ತಾರೆ. ಅವರ ತೂಕ ಒಂದೂವರೆ ಟನ್ನು. ಹತ್ತು ಚಕ್ರದವರಿಗೆ ಮೊದಲು ಗಾಡಿ, ಸರಕು ಸೇರಿ 25 ಟನ್ ಅಂತಿತ್ತು, 2018ರಲ್ಲಿ ಕೇಂದ್ರ ಸರ್ಕಾರ 28.5ಕ್ಕೆ ಏರಿಸ್ತು. ಕಾಗದದ ಮೇಲೆ ಮೂರೂವರೆ ಟನ್ ಏರಿಸೋಕೆ ಒಂದು ಸಹಿ ಸಾಕು. ರಸ್ತೆ ಮೇಲೆ ಅದನ್ನ ನಿಲ್ಲಿಸೋಕೆ ಅಷ್ಟುದ್ದ ಡಾಂಬರು ಬೇಕು. ಕಾನೂನಿನ ತೂಕ ಇದು. ಓನರ್ ತೂಕ ಬೇರೆ, ಅದು ವೇಬ್ರಿಡ್ಜ್ ಇಲ್ಲದ ದಾರಿಯಲ್ಲಿ ಹೋಗುತ್ತೆ.

ಇನ್ನು ಶಿರಾಡಿ ಘಾಟಿ. ಸಕಲೇಶಪುರ ದಾಟಿ ಗುಂಡ್ಯದ ಕಡೆಗೆ ಇಳೀಬೇಕಾದ್ರೆ, ಹತ್ತೋಕೆ ಯಾವ ಗೇರು ಬೇಕೋ ಇಳಿಯೋಕೂ ಅದೇ ಗೇರು ಅಂತ ಹಳೇ ಡ್ರೈವರುಗಳು ಹೇಳಿಕೊಡ್ತಿದ್ರು. ಈಗಿನ ಹುಡುಗರು ಡೀಸೆಲ್ ಉಳಿಸ್ತೀನಿ ಅಂತ ನ್ಯೂಟ್ರಲ್‌ಗೆ ಹಾಕಿ ಬಿಡ್ತಾರೆ. ಇಂಜಿನ್ ಹಿಡಿತ ತಪ್ಪಿದ ಮೇಲೆ ಕೆಲಸವೆಲ್ಲ ಬ್ರೇಕಿನ ತಲೆ ಮೇಲೆ. ನಾಲ್ಕು ತಿರುವು ಕಳೆಯೋದ್ರಲ್ಲಿ ಡ್ರಮ್ಮಿನ ಮೇಲೆ ರೊಟ್ಟಿ ಸುಡಬಹುದು, ಲೈನರ್ ಸೀದ ವಾಸನೆ ಕ್ಯಾಬಿನ್ ತುಂಬಾ. ಆಮೇಲೆ ಪೆಡಲ್ ಒತ್ತಿದರೆ ಕಾಲು ಕೆಳಗೆ ಹೋಗುತ್ತೆ, ಗಾಡಿ ಮುಂದೆ ಹೋಗುತ್ತೆ. ಆ ಹೊತ್ತಲ್ಲಿ ನನ್ನ ಮುಂದೆ ಒಬ್ಬ ಮಂಜಿನ ಫೋಟೊ ತೆಗೆಯೋಕೆ ತಿರುವಿನಲ್ಲೇ ಕಾರು ನಿಲ್ಲಿಸಿರ್ತಾನೆ. ಉಳಿಸಿದ ಡೀಸೆಲ್ ಅರ್ಧ ಲೀಟರ್ ಇರಬಹುದು.

ಪ್ರಶ್ನೆ: ನಿಮ್ಮ ಶ್ರೀಮಂತ ನೆಂಟ, ಚಕ್ರದ ಮೇಲಿನ ಮನೆ ಕ್ಯಾರವಾನ್ ಬಗ್ಗೆ ಏನು ಹೇಳುತ್ತೀರಿ?

ಲಾರಿ: ಮೊದಲು ಸಿನಿಮಾದೋರು, ಎಲೆಕ್ಷನ್ ಟೈಮಲ್ಲಿ ರಾಜಕೀಯದೋರು ಅಷ್ಟೇ ಅದರಲ್ಲಿ ಬರ್ತಿದ್ದರು. 2021ರಲ್ಲಿ ಕೇರಳದೋರು ಕ್ಯಾರವಾನ್ ಪ್ರವಾಸ ಅಂತ ಯೋಜನೆಯನ್ನೇ ಮಾಡಿದರು. ಒಳ್ಳೇದೇ. ಆದರೆ ಮೊನ್ನೆವರೆಗೂ ಸಣ್ಣ ಕಾರು ಓಡಿಸ್ತಿದ್ದೋನು ಇವತ್ತು ಮನೇನೇ ಓಡಿಸ್ಕೊಂಡು ಬಂದರೆ ಅವನಿಗೆ ತಲೆ ಮೇಲೂ ಒಂದು ತಲೆ ಇದೆ ಅನ್ನೋದು ನೆನಪಿರಲ್ಲ. ಊರಿನ ಸ್ವಾಗತ ಕಮಾನಿಗೆ ಎಸಿ ಡಬ್ಬ ಕಾಣಿಕೆ ಕೊಟ್ಟು ಹೋದವರಿದ್ದಾರೆ. ಬಿಸಿಲಲ್ಲಿ ನನ್ನ ಡ್ರೈವರ್‌ಗೆ ಒದ್ದೆ ಟವೆಲ್ಲೇ ಎಸಿ. 2025ರ ಅಕ್ಟೋಬರಿನಿಂದ ತಯಾರಾಗೋ ಹೊಸ ಲಾರಿಗಳ ಕ್ಯಾಬಿನ್ನಿಗೆ ಎಸಿ ಕಡ್ಡಾಯ ಅಂತಾಗಿದೆ; ನಾನು ಅದಕ್ಕೂ ಮುಂಚೆ ಹುಟ್ಟಿಬಿಟ್ಟೆ. ನನಗೆ ಹೊಟ್ಟೆಕಿಚ್ಚು ಅದರ ಹಾಸಿಗೆ ನೋಡಿ ಅಲ್ಲ. ಅದು ರಾತ್ರಿ ನಿಲ್ಲೋಕೆ ಅಂತ ಹುಲ್ಲುಹಾಸು, ಕರೆಂಟ್ ಪಾಯಿಂಟು ಇರೋ ಪಾರ್ಕು ಮಾಡ್ತಾರೆ. ನನಗೆ?

ಪ್ರಶ್ನೆ: ನೀವು ಎಲ್ಲೆಂದರಲ್ಲಿ ನಿಲ್ಲುತ್ತೀರಿ ಎಂಬುದೇ ಜನರ ದೊಡ್ಡ ದೂರು. 2023ರ ಅಕ್ಟೋಬರ್ 26ರಂದು ಚಿಕ್ಕಬಳ್ಳಾಪುರದ ಹತ್ತಿರ, ಮಂಜು ಮುಸುಕಿದ ಬೆಳಗ್ಗೆ, ನಿಂತಿದ್ದ ಟ್ಯಾಂಕರ್‌ಗೆ ಟಾಟಾ ಸುಮೊ ಗುದ್ದಿ 13 ಜನ ಸತ್ತರು. 2024ರ ಜೂನ್ 28ರ ಬೆಳಗಿನ ಜಾವ ಬ್ಯಾಡಗಿ ತಾಲ್ಲೂಕಿನ ಗುಂಡೇನಹಳ್ಳಿ ಕ್ರಾಸ್ ಬಳಿ, ಇದೇ ಹೆದ್ದಾರಿಯಲ್ಲಿ, ನಿಂತಿದ್ದ ಲಾರಿಗೆ ಟೆಂಪೊ ಟ್ರಾವೆಲರ್ ಗುದ್ದಿ ಮತ್ತೆ 13 ಜನ. ದೇವರ ದರ್ಶನ ಮುಗಿಸಿ ಭದ್ರಾವತಿ ಕಡೆಯ ಊರಿಗೆ ಹಿಂದಿರುಗುತ್ತಿದ್ದವರು.

ಲಾರಿ: ಇದರಲ್ಲಿ ತಮಾಷೆ ಮಾಡೋಕೆ ನನಗೆ ಬರಲ್ಲ. ಓಡೋ ಲಾರಿ ಕಂಡರೆ ಜನ ಹೆದರಿ ಸರೀತಾರೆ. ನಿಂತ ಲಾರಿಗೆ ಯಾರೂ ಹೆದರಲ್ಲ. ರಾತ್ರಿ ದೂರದಿಂದ ನನ್ನ ಬೆನ್ನು ಕಂಡೋನು ನಾನು ಹೋಗ್ತಿದ್ದೀನಿ ಅಂದ್ಕೊಂಡಿರ್ತಾನೆ. ನಿಂತಿದ್ದೀನಿ ಅಂತ ಗೊತ್ತಾಗೋ ಹೊತ್ತಿಗೆ ಬ್ರೇಕ್ ಹಾಕೋಕೆ ರಸ್ತೆ ಉಳಿದಿರಲ್ಲ. ನನ್ನ ಬಾಡಿಯ ಅಂಚು ಇರೋದು ಕಾರಿನ ಗಾಜಿನ ಮಟ್ಟಕ್ಕೆ. ಕಾರಿನ ಬಾನೆಟ್ಟು ನನ್ನ ಅಡಿಗೆ ನುಗ್ಗುತ್ತೆ, ಪೆಟ್ಟು ತಿನ್ನೋದು ಒಳಗೆ ಕೂತೋರ ತಲೆ. ಏರ್‌ಬ್ಯಾಗು ಆ ಎತ್ತರದ ಪೆಟ್ಟಿಗೆ ಮಾಡಿದ್ದಲ್ಲ. ಅದಕ್ಕೇ ಹಿಂದೆ ಕೆಳಗಡೆ ಅಡ್ಡಕಂಬಿ ಇರಬೇಕು ಅಂತ ಕಾನೂನಿದೆ. ನನ್ನದು ಬನ್ನಿ ನೋಡಿ.

(ನೋಡಿದೆ. ಕಂಬಿ ಇತ್ತು. ಒಂದು ತುದಿ ಎಂದೋ ಸೊಟ್ಟಗಾಗಿ, ಇನ್ನೊಂದು ತುದಿಯನ್ನು ಕಟ್ಟುತಂತಿಯಲ್ಲಿ ಬಿಗಿದಿದ್ದರು. ಬೆರಳಲ್ಲಿ ತಳ್ಳಿದರೆ ಅಲ್ಲಾಡಿತು.)

ಪ್ರಶ್ನೆ: ಹೊಳೆಯುವ ಪಟ್ಟಿ?

ಲಾರಿ: ಹಿಂದೆ ಕೆಂಪು, ಪಕ್ಕಕ್ಕೆ ಹಳದಿ, ಮುಂದೆ ಬಿಳಿ. ಎಫ್‌ಸಿಗೆ ಅಂದ್ರೆ ಫಿಟ್‌ನೆಸ್ ಪರೀಕ್ಷೆಗೆ ಹೋಗೋ ದಿನ ಮದುಮಗನ ಥರ ಮೈತುಂಬಾ ಹೊಳೀತೀನಿ. ಒಂದು ಮಳೆಗಾಲ ಕಳೆದರೆ ಎಲ್ಲಾ ಕೆಸರು. ಒರೆಸೋಕೆ ಒಂದು ಬಟ್ಟೆ, ಎರಡು ನಿಮಿಷ. ಒರೆಸ್ತಿದ್ದೋನು ಕ್ಲೀನರ್, ಅವನ ಕತೆ ಆಗಲೇ ಹೇಳಿದೆ.

ಪ್ರಶ್ನೆ: ಈ ಕೊಂಬೆ, ಕಲ್ಲು? ಗಾಡಿಯಲ್ಲಿ ತ್ರಿಕೋನ ಇರಬೇಕಲ್ಲ?

ಲಾರಿ: ತ್ರಿಕೋನ ಸೀಟಿನ ಕೆಳಗೆ ಪ್ಲಾಸ್ಟಿಕ್ ಕವರಲ್ಲಿ ಭದ್ರವಾಗಿದೆ. ರಸ್ತೆ ಮೇಲಿಟ್ಟರೆ ಕಳವಾಗುತ್ತೆ ಅಂತ ಭಯ. ಕಲ್ಲನ್ನ ಯಾರೂ ಕದಿಯಲ್ಲ. ಅದೇ ತೊಂದರೆ. ನಾವು ಹೊರಟು ಹೋದ ಮೇಲೂ ಕಲ್ಲು ಅಲ್ಲೇ ಇರುತ್ತೆ. ಲಾರಿ ಇಲ್ಲದ ಜಾಗದಲ್ಲಿ ಲಾರಿಯ ಎಚ್ಚರಿಕೆಗೆ ಎಡವಿ ಬೀಳೋ ಭಾಗ್ಯ ಬೈಕಿನೋರದ್ದು.

ಪ್ರಶ್ನೆ: ಸರಿ, ರಸ್ತೆ ಬಿಟ್ಟು ಬೇರೆಲ್ಲಾದರೂ ನಿಲ್ಲಬಹುದಲ್ಲ?

ಲಾರಿ: ನೀವೇ ಹೇಳಿ, ಎಲ್ಲಿ? ಬೆಂಗಳೂರಿಗೆ ಪೀಕ್ ಅವರ್‌ನಲ್ಲಿ ನೋ ಎಂಟ್ರಿ. ನಿಮ್ಮ ಸಾಂಬಾರಿಗೆ ಈರುಳ್ಳಿ ಬೇಕು, ಆದರೆ ಅದು ಕಣ್ಣಿಗೆ ಬೀಳದ ಹಾಗೆ ರಾತ್ರಿ ಬರಬೇಕು. ಅಲ್ಲಿವರೆಗೂ ನೆಲಮಂಗಲದ ಆಚೆ ಸಾಲಾಗಿ ಕಾಯ್ತೀವಿ. ಅಲ್ಲಲ್ಲಿ ಟ್ರಕ್ ಲೇ-ಬೈ ಅಂತ ಬೋರ್ಡು ಹಾಕಿ ಜಾಗ ಬಿಟ್ಟಿದ್ದಾರೆ, ಸುಳ್ಳು ಹೇಳಬಾರದು. ಹದಿನೈದು ಗಾಡಿ ಹಿಡಿಯೋ ಜಾಗಕ್ಕೆ ಐವತ್ತು ಗಾಡಿ ಬರುತ್ತೆ. ನೀರಿಲ್ಲ, ದೀಪ ಇಲ್ಲ, ಕಣ್ಣು ಮುಚ್ಚಿದರೆ ಟ್ಯಾಂಕಿನ ಡೀಸೆಲ್ ಇಲ್ಲ. ಡಾಬಾದ ಅಂಗಳದಲ್ಲಿ ಜಾಗ ಸಿಗಬೇಕಾದ್ರೆ ಊಟ ಮಾಡಬೇಕು, ನನ್ನ ಡ್ರೈವರ್ ಆಗಲೇ ಎರಡು ಸಲ ಮಾಡಿದ್ದಾನೆ. ಅವನಿಗೆ ನಿದ್ದೆ ಬಂದರೆ ಎರಡೇ ದಾರಿ. ನಿದ್ದೆಗಣ್ಣಲ್ಲಿ ಓಡಿಸಬೇಕು, ಇಲ್ಲ ಕಂಡಲ್ಲಿ ನಿಲ್ಲಿಸಿ ಮಲಗಬೇಕು. ಮೊದಲನೇದು ಮಾಡಿದರೆ ನಾನು ಯಾರಿಗೋ ಗುದ್ದುತೀನಿ, ಎರಡನೇದು ಮಾಡಿದರೆ ಯಾರೋ ನನಗೆ ಗುದ್ದುತಾರೆ. ಟೋಲ್ ಕಟ್ಟೋಕೆ ಮಾತ್ರ ಎಷ್ಟು ಚೆಂದ ನಿಲ್ಲಿಸ್ತಾರೆ ನೋಡಿ: ಮೇಲೆ ಸೂರು, ಸುತ್ತ ದೀಪ, ಸಾಲುಸಾಲು ಲೇನು. ಅಲ್ಲಿ ಹತ್ತು ಸೆಕೆಂಡಿನ ಮೇಲೆ ನಿಂತರೆ ಹಿಂದಿನೋರು ಹಾರ್ನ್ ಹೊಡೀತಾರೆ.

ಪ್ರಶ್ನೆ: ಹಾಗಾದರೆ ಸರ್ಕಾರಕ್ಕೆ ನಿಮ್ಮ ಬೇಡಿಕೆ...

ಪ್ರಶ್ನೆ ಪೂರ್ತಿಯಾಗಲಿಲ್ಲ. ಕೆಂಪು-ನೀಲಿ ದೀಪದ ಗಸ್ತು ಜೀಪು ಬಂದು ಲಾರಿಯ ಪಕ್ಕ ನಿಂತಿತು. ಒಳಗಿಂದ ಲಾಠಿಯೊಂದು ಹೊರಬಂದು ಬಾಗಿಲನ್ನು ಬಡಿಯಿತು. ಡ್ರೈವರ್ ಗಾಬರಿಯಿಂದ ಎದ್ದು, ಕಾಲನ್ನು ಒಳಗೆಳೆದುಕೊಂಡು, ತಲೆಯನ್ನು ಹೊರಗೆ ಹಾಕಿದ.

“ಏಯ್, ಹೈವೇನಲ್ಲಿ ಗಾಡಿ ನಿಲ್ಲಿಸ್ಕೊಂಡು ಮಲಗಿದೀಯಾ? ತೆಗಿ, ತೆಗಿ.”

“ನಿನ್ನೆ ರಾತ್ರಿಯಿಂದ ಕಣ್ಣು ಮುಚ್ಚಿಲ್ಲ ಸಾ. ಒಂದೇ ಒಂದು ಗಂಟೆ.”

“ಇಲ್ಲಿ ಆಗಲ್ಲ. ಮುಂದೆ ಹೋಗು.”

“ಮುಂದೆ ಎಲ್ಲಿ ನಿಲ್ಲಿಸ್ಲಿ ಸಾ?”

“ಅದು ನನಗೇನು ಗೊತ್ತು? ನಮ್ಮ ಲಿಮಿಟ್ ದಾಟಿದ ಮೇಲೆ ಎಲ್ಲಿ ಬೇಕಾದ್ರೂ ನಿಲ್ಲಿಸ್ಕೊ.”