ವಾದ್ಯಚೋರ ಮಹಾಶಯರಿಗೆ ಒಬ್ಬ ವೈಣಿಕನ ಬಿನ್ನಹ

ಮಾನ್ಯರೇ,

ತಮ್ಮ ವಿಳಾಸ ಪೊಲೀಸರಿಗೇ ಸಿಕ್ಕಿಲ್ಲವಾದ್ದರಿಂದ ಈ ಪತ್ರವನ್ನು ಪತ್ರಿಕೆಯ ಮೂಲಕ ಬರೆಯುತ್ತಿದ್ದೇನೆ. ಮನ್ನಿಸಬೇಕು.

ತಮ್ಮ ಕಸುಬಿನ ಬಗ್ಗೆ ತಕರಾರಿಲ್ಲ, ಕಸುಬುದಾರಿಕೆಯ ಬಗ್ಗೆ ಇದೆ. 2010ರಲ್ಲಿ ಲಂಡನ್ನಿನ ಯೂಸ್ಟನ್ ನಿಲ್ದಾಣದಲ್ಲಿ ಪಿಟೀಲು ವಾದಕಿ ಮಿನ್-ಜಿನ್ ಕಿಮ್ ತಿಂಡಿಗೆ ಕೂತಿದ್ದಾಗ ತಮ್ಮವರು 1696ರ ಸ್ಟ್ರಾಡಿವೇರಿಯಸ್ ಪಿಟೀಲನ್ನು ಎತ್ತಿದರು. ಕೈಚಳಕಕ್ಕೆ ಶಹಬ್ಬಾಸ್. ಆದರೆ ಹನ್ನೆರಡು ಲಕ್ಷ ಪೌಂಡಿನ ಮಾಲನ್ನು ಇಂಟರ್ನೆಟ್ ಕೆಫೆಯಲ್ಲಿ ನೂರು ಪೌಂಡಿಗೆ ಮಾರಲು ಹೋಗುವುದೇ? ಗಿರಾಕಿ ಅದಕ್ಕೂ ಒಪ್ಪಲಿಲ್ಲ. ಮಗಳ ಹತ್ತಿರ ಆಗಲೇ ಒಂದು ರೆಕಾರ್ಡರ್ ಕೊಳಲಿದೆ, ಸಾಕು ಅಂದನಂತೆ. ಮೂರು ವರ್ಷದ ಮೇಲೆ ಪಿಟೀಲು ಪತ್ತೆಯಾಯಿತು.

ತಮ್ಮ ಬಳಗದಲ್ಲಿ ರಸಿಕ ಅಂದರೆ ಜೂಲಿಯನ್ ಆಲ್ಟ್‌ಮನ್ ಒಬ್ಬನೇ. 1936ರಲ್ಲಿ ಪಿಟೀಲು ವಾದಕ ಹೂಬರ್‌ಮನ್ ನ್ಯೂಯಾರ್ಕಿನ ಕಾರ್ನೆಗಿ ಹಾಲಿನಲ್ಲಿ ಇನ್ನೊಂದು ಪಿಟೀಲು ನುಡಿಸುತ್ತಿದ್ದಾಗ ಕೋಣೆಯಲ್ಲಿಟ್ಟಿದ್ದ ಸ್ಟ್ರಾಡಿವೇರಿಯಸ್ ಮಾಯವಾಯಿತು. ಆಲ್ಟ್‌ಮನ್ ಅದಕ್ಕೆ ಬೂಟ್ ಪಾಲಿಶ್ ಬಳಿದು ಹತ್ತಿರ ಹತ್ತಿರ ಐವತ್ತು ವರ್ಷ ತಾನೇ ನುಡಿಸಿಕೊಂಡಿದ್ದ. 1985ರಲ್ಲಿ, ಸಾಯುವ ಮುನ್ನ ಹೆಂಡತಿಗೆ ಗುಟ್ಟು ಬಿಚ್ಚಿದ. ನಮ್ಮ ಎಷ್ಟೋ ಶಿಷ್ಯರು ದುಡ್ಡು ಕೊಟ್ಟು ಕೊಂಡ ವಾದ್ಯದ ಮೇಲೂ ಅಷ್ಟು ಸಾಧನೆ ಮಾಡುವುದಿಲ್ಲ.

ಇನ್ನು ಬನಾರಸ್. ಭಾರತರತ್ನ ಉಸ್ತಾದ್ ಬಿಸ್ಮಿಲ್ಲಾ ಖಾನರ ಐದು ಶಹನಾಯಿಗಳು 2016ರ ಡಿಸೆಂಬರಿನಲ್ಲಿ ಮಗನ ಮನೆಯಿಂದ ಕಾಣೆಯಾದವು. ಅದರಲ್ಲಿ ಒಂದು ಪ್ರಧಾನಿಯಾಗಿದ್ದ ನರಸಿಂಹ ರಾಯರು ಕೊಟ್ಟದ್ದು. ಮರುತಿಂಗಳು ಪೊಲೀಸರು ಹಿಡಿದದ್ದು ಉಸ್ತಾದರ ಮೊಮ್ಮಗನನ್ನೇ, ಜೊತೆಗೆ ಇಬ್ಬರು ಚಿನಿವಾರರನ್ನು. ಅಷ್ಟರಲ್ಲಿ ಶಹನಾಯಿಗಳ ಬೆಳ್ಳಿ ಕರಗಿ ಗಟ್ಟಿಯಾಗಿತ್ತು. ಪೊಲೀಸರ ಪ್ರಕಾರ ಕೈಗೆ ಬಂದದ್ದು 17,000 ರೂಪಾಯಿ. ಚಿನಿವಾರರ ತಕ್ಕಡಿ ಭಾರತರತ್ನವನ್ನು ತೂಗುವುದಿಲ್ಲ ನೋಡಿ.

ಈಗ ವ್ಯವಹಾರಕ್ಕೆ ಬರೋಣ. ಸ್ಟ್ರಾಡಿವೇರಿಯಸ್ ಕದ್ದರೆ ದಕ್ಕುವುದಿಲ್ಲ. ಅದು ಯಾರಿಂದ ಯಾರ ಕೈಗೆ ಹೋಯಿತು ಎಂಬ ದಾಖಲೆ ಇರುತ್ತದೆ, ಮರದ ಎಳೆ ಎಳೆಯ ಫೋಟೊ ಇರುತ್ತದೆ. ನನ್ನ ಹಲಸಿನ ಏಕಾಂಡ ವೀಣೆಗೆ ಆ ಕಾಟ ಇಲ್ಲ. ನಂಬರಿಲ್ಲ, ರಸೀದಿಯಿಲ್ಲ, ವಿಮೆಯ ಮಾತಂತೂ ಎತ್ತಬೇಡಿ. ಕಳುವಾಯಿತೆನ್ನಿ. ಠಾಣೆಯಲ್ಲಿ ಗುರುತು ಕೇಳುತ್ತಾರೆ. ತುದಿಯ ಯಾಳಿ ಮುಖದ ಎಡಗಿವಿ ಸವೆದಿದೆ, ಏಳನೇ ಮೆಟ್ಟಿಲಿನ ಮೇಣ ಬೇಸಿಗೆಯಲ್ಲಿ ಮೆತ್ತಗಾಗಿ ಪಂಚಮ ಕೂದಲೆಳೆಯಷ್ಟು ಇಳಿಯುತ್ತದೆ ಎನ್ನುತ್ತೇನೆ. ಬರೆದುಕೊಳ್ಳುವ ಪೇದೆ ನನ್ನ ಮುಖ ನೋಡಿ, "ಸ್ವಾಮಿ, ಬಣ್ಣ ಹೇಳಿ" ಎನ್ನುತ್ತಾನೆ. ಕಂದು. ಫೋಟೊ? ಇದೆಯಲ್ಲ, ಕಛೇರಿಯದು. ಅದರಲ್ಲಿ ಮಂತ್ರಿಗಳು ಶಾಲು ಹೊದಿಸುತ್ತಿದ್ದಾರೆ. ವೀಣೆ ಅವರ ಪಂಚೆಯ ಹಿಂದಿದೆ.

ಹೀಗೆ ನಮ್ಮ ಕಡೆಯಿಂದ ತಮಗೆ ಎಲ್ಲ ಅನುಕೂಲ ಮಾಡಿಟ್ಟಿದ್ದೇವೆ. ಆದರೂ ಒಂದು ಮನವಿ. ವೀಣೆ ಬಲು ಭಾರ, ಬಸ್ಸಿನಲ್ಲಿ ಕಂಡಕ್ಟರ್ ಲಗೇಜು ಕೇಳುತ್ತಾನೆ, ಕರಗಿಸಲು ಅದರಲ್ಲಿ ಬೆಳ್ಳಿಯೂ ಇಲ್ಲ. ಬದಲಿಗೆ ಶೋಕೇಸಿನಲ್ಲಿ ಸನ್ಮಾನದ ಬೆಳ್ಳಿ ಬಣ್ಣದ ಪುಟ್ಟ ವೀಣೆಗಳು ಸಾಲಾಗಿ ನಿಂತಿವೆ. ಬೀಗ ಹಾಕಿಲ್ಲ. ಎಷ್ಟು ಬೇಕಾದರೂ ಒಯ್ಯಿರಿ. ಸಿಕ್ಕಿಬೀಳುವ ಭಯವೂ ಬೇಡ, ಹೆಚ್ಚಿನವುಗಳ ಮೇಲೆ ನನ್ನ ಹೆಸರನ್ನು ತಪ್ಪಾಗಿಯೇ ಕೆತ್ತಿಸಿದ್ದಾರೆ.

ಇತಿ ತಮ್ಮ ವಿಶ್ವಾಸಿ,
ಒಬ್ಬ ವೈಣಿಕ