ಮೂರನೇ ದರ್ಜೆ ಎಣ್ಣಿ

(ರೋಣದ ಬಸ್ ನಿಲ್ದಾಣದ ಎದುರಿನ ಮಿರ್ಚಿ ಅಂಗಡಿ. ಕಡಾಯಿಯಲ್ಲಿ ಎಣ್ಣೆ ಕಾಯುತ್ತಿದೆ.)

ಕಾಕಾ: ಏನ್ ತಮ್ಮಾ, ನಮ್ಮ ನೆಲದಾಗ ಎಣ್ಣಿ ಐತಂತ?

ಸರ್ವೇ ಹುಡುಗ: ಎಣ್ಣಿ ಹುಡುಕೋದು ಪದರಗಲ್ಲಿನ ಬೇಸಿನ್‌ನಾಗರಿ ಕಾಕಾ, ದೇಶದಾಗ ಅಂಥವು 26 ಅದಾವ. ನಮ್ಮ ಭೀಮಾ-ಕಲಾದಗಿನೂ ಒಂದು. ಬಾದಾಮಿ ಕೆಂಪುಗಲ್ಲು ಅದರದ್ದ.

ಕಾಕಾ: ನಮಗ ಯಾವ ನಂಬರ?

ಹುಡುಗ: ಮೂರನೇ ದರ್ಜೆರಿ. ಎಣ್ಣಿ ತೆಗೆಯೋವು ಮೊದಲನೇದು, ಸಿಕ್ಕರೂ ಇನ್ನೂ ತೆಗೀಬೇಕಾದವು ಎರಡನೇದು, ಇದ್ದರೂ ಇರಬಹುದು ಅನ್ನೋವು ಮೂರನೇದು.

ಕಾಕಾ: ಅಂದ್ರ ಬಂದರೂ ಬರಬಹುದು ಅನ್ನೋ ಮಹದಾಯಿ ನದಿ ನೀರಿನಂಗ ಅನ್ನು! ಆ ನೀರಿಗಾಗಿ ನರಗುಂದದಾಗ ರೈತರು 2015ರಾಗ ಧರಣಿ ಕುಂತ್ರು. ಈ ಎಣ್ಣಿನ ಹೆಂಗ ಹುಡುಕ್ತೀರಿ?

ಹುಡುಗ: ನೆಲಕ್ಕ ಗುದ್ದತೇವ್ರಿ. ಸದ್ದು ಕೆಳಗಿನ ಪದರಕ್ಕ ಬಡದು ತಿರುಗಿ ಬರತೈತಿ. ಅದನ್ನ ಜಿಯೋಫೋನ್ ಅನ್ನೋ ಮಷಿನ್ ಕೇಳತೈತಿ.

ಕಾಕಾ: ಕಲ್ಲಿನ ಮಾತು ಕೇಳೋ ಮಷಿನ್ ಬಂತು, ರೈತನ ಮಾತು ಕೇಳೋದು ಯಾವಾಗ?

ಹುಡುಗ: ಆ ಕಲ್ಲಿನ ವಯಸ್ಸು ಕೇಳ್ರಿ ಕಾಕಾ, ಕಲಾದಗಿಯ ತಳದ ಕಲ್ಲು 100 ಕೋಟಿ ವರ್ಷಕ್ಕೂ ಹಳೇವ್ರಿ. ಆವಾಗ ಮೀನಿಲ್ಲ, ಗಿಡಿಲ್ಲ, ಬರೇ ಪಾಚಿಯಂಥ ಜೀವ. ಎಣ್ಣಿ ಸಿಗಬೇಕಂದ್ರ ಆ ಜೀವ ಎಣ್ಣಿ ಆಗಿರಬೇಕು, ಸೋರದಂಗ ಮ್ಯಾಲೆ ಮುಚ್ಚಳಗಲ್ಲೂ ಇರಬೇಕು.

ಕಾಕಾ: ಬೋರ್ ಹೊಡಸಿದ್ರ ನೀರ ಬರವಲ್ದು!

ಅಂಗಡಿಯವ (ಝಾರಾ ಆಡಿಸುತ್ತ): ರೋಣದಾಗ ಮೊದಲನೇ ದರ್ಜೆ ಎಣ್ಣಿ ಈ ಕಡಾಯಿ ಒಳಗಷ್ಟ ಐತ್ರಿ. ಅದೂ ಸಂಜೀತನಕ!